ಸ್ಕ್ಯಾನಿಂಗಿನಲ್ಲಿ ಸಿಕ್ಕಿಬಿದ್ದ ಕಾಶಿಯಾತ್ರೆ

ಕಾಶಿಯನ್ನು ನಮ್ಮ ದೊಡ್ಡಪ್ಪನಷ್ಟು ಚೆನ್ನಾಗಿ ಬಣ್ಣಿಸುವವರು ಇಡೀ ಕೆಂಪಾಪುರದಲ್ಲಿ ಇಲ್ಲ. ಅವರು ಕಾಶಿಗೆ ಹೋಗಿಯೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಮಾತ್ರ ಕ್ಯಾನ್ಸರ್ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ!

ಆರು ವರ್ಷದ ಹಿಂದಿನ ಮಾತು. ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ಮತ್ತಿಕೆರೆಯ ನಮ್ಮ ಮನೆಯಲ್ಲಿ ಬಿಟ್ಟು, "ಎರಡು ತಿಂಗಳು ಕಾಶಿಗೆ ಹೋಗ್ಬರ್ತೀನಿ" ಎಂದು ಹೊರಟೇಬಿಟ್ಟರು. ಎಂಥ ಮನುಷ್ಯ! ಅಮ್ಮ ಹಲ್ಲು ಕಡಿದಳು. ದೊಡ್ಡಮ್ಮ ಮಾತ್ರ "ಹೋಗ್ಲಿ ಬಿಡೇ" ಎಂದು ನಕ್ಕರು.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಲ್ಲ? ಬೇರೆಯವರು ಜಾಣತನದಿಂದ ಹಾಗಲಕಾಯಿ ಬಿಡುತ್ತಾರೆ. ದೊಡ್ಡಪ್ಪ ನೆಲದ ಮೇಲೆ ಕೂರುವುದನ್ನೇ ಬಿಟ್ಟು ಬಂದಿದ್ದರು! ಆಮೇಲೆ ಯಾವ ಊಟದ ಪಂಕ್ತಿಯಲ್ಲೂ ಅವರಿಗೊಂದು ಕುರ್ಚಿ. ಎಂಥ ವೈರಾಗ್ಯ ಎಂದು ನೆಂಟರೆಲ್ಲ ಕೈಮುಗಿದರು.

ದೊಡ್ಡಮ್ಮ ತೀರಿಕೊಂಡ ಎರಡು ವರ್ಷಕ್ಕೆ ದೊಡ್ಡಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡಬೇಕಿತ್ತು. "ಮೈಯೊಳಗೆ ಲೋಹ ಏನಾದ್ರೂ ಹಾಕಿದ್ದಾರಾ?" ಎಂದು ಡಾಕ್ಟರು ಕೇಳಿದಾಗ, ನನ್ನ ಕಡೆ ಒಮ್ಮೆ ನೋಡಿ "ಇಲ್ಲ" ಎಂದರು. ಸ್ವಲ್ಪ ಹೊತ್ತಿಗೆಲ್ಲ ಡಾಕ್ಟರು ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದರು.

"ಬಲಗಡೆ ಸೊಂಟದ ಕೀಲೇ ಲೋಹದ್ದಿದೆ! ಸ್ಕ್ಯಾನ್ ತುಂಬ ಬಿಳಿ ಗೆರೆ. ಯಾವ ಲೋಹ ಅಂತ ಗೊತ್ತಿಲ್ದೆ ರೇಡಿಯೇಷನ್ ಲೆಕ್ಕ ಹಾಕಿದ್ರೆ ತಪ್ಪಾಗುತ್ತೆ."

"ನೀವು ಯಾರದೋ ಸ್ಕ್ಯಾನ್ ನೋಡ್ತಿದ್ದೀರಿ!" ಎಂದು ನಾನು ಜಗಳಕ್ಕೇ ನಿಂತೆ.

ಒಳಗಿಂದ ದೊಡ್ಡಪ್ಪನ ದನಿ: "ನಂದೇ ಕಣೇ. ನಿನ್ನ ಕೈಗೆ ಕೊಟ್ಟಿದ್ನಲ್ಲ, ಆ ಪರ್ಸಲ್ಲಿ ಕಾರ್ಡಿದೆ, ಕೊಡು."

ಕೀಲು ಹಾಕಿದ ಆಸ್ಪತ್ರೆಯ ಕಾರ್ಡು. ತಾರೀಖು ಕಾಶಿಯಾತ್ರೆಯ ತಿಂಗಳದ್ದು! ಡಾಕ್ಟರು ಅದನ್ನು ಓದಿ, "ಆ ಕೀಲು ತಪ್ಪಿಸಿ ಬೇರೆ ಕಡೆಯಿಂದ ಕಿರಣ ಬಿಡ್ತೀವಿ, ಗಾಬರಿ ಬೇಡ" ಎಂದರು. ಗಾಬರಿ ಬೇಡವಂತೆ!

ದೊಡ್ಡಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತರು. "ಹಾಗಾದ್ರೆ ಎರಡು ತಿಂಗಳು ಎಲ್ಲಿದ್ರಿ?" ಎಂದೆ.

"ಆಪರೇಷನ್ ಆದ್ಮೇಲೆ ಹೆಸರಘಟ್ಟದಲ್ಲಿ, ಸ್ನೇಹಿತನ ಮನೇಲಿ."

"ನೀವು ತಂದ್ಕೊಟ್ಟಿದ್ದು, ನಾವು ಪೂಜೆ ಮಾಡಿ ಕುಡಿದ ಗಂಗೆ?"

"ಅವರ ಬೋರ್‌ವೆಲ್ಲು. ಸಿಹಿನೀರು ಕಣೇ!"

ನನಗೆ ರೇಗಿಹೋಯಿತು. "ಯಾಕೆ ಈ ಸುಳ್ಳು?"

"ನಿಮ್ಮ ದೊಡ್ಡಮ್ಮನ್ನ ದಿನಾ ಸ್ನಾನಕ್ಕೆ ಎತ್ಕೊಂಡು ಹೋಗ್ಬೇಕಿತ್ತಲ್ಲ, ಹಳೇ ಸೊಂಟದಲ್ಲಿ ಆಗ್ತಿರ್ಲಿಲ್ಲ. ಹೊಸದು ಹಾಕಿಸಿದ್ದು ಗೊತ್ತಾಗಿದ್ರೆ, ಭಾರ ಎತ್ತಬಾರ್ದು ಅಂತ ನೀವು ಅವಳನ್ನ ನನ್ನ ಜೊತೆ ವಾಪಸ್ ಕಳಿಸ್ತಿದ್ರಾ?"

ನಾಲ್ಕು ವರ್ಷ ಅವರು ಎತ್ತಿದ್ದರು. ನಾಲ್ಕು ವರ್ಷವೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ ನಾನು. ನಾಚಿಕೆಯಾಯಿತು. "ದೊಡ್ಡಮ್ಮ ಹೋದ್ಮೇಲಾದ್ರೂ ಹೇಳ್ಬಾರ್ದಿತ್ತಾ?"

"ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ" ಎಂದರು ದೊಡ್ಡಪ್ಪ. "ಕಾಶಿಗೆ ಅನ್ನಿ ಅಂತ ಹೇಳ್ಕೊಟ್ಟೋಳೇ ಅವಳು."