ಅಸದುಲ್ಲಾನ ಮೋಸಂಬಿ ಶಪಥ

"ಭಾನುವಾರ ಬನ್ನಿ ಸಾಹೇಬ್ರೇ. ನನ್ನ ಕೈಯಾರೆ ಮೋಸಂಬಿ ಸ್ಮೂದಿ ಮಾಡಿ ಕುಡಿಸ್ತೀನಿ. ಕುಡಿದೋರು ಮೂರು ದಿನ ಸೆಕೆ ಅನ್ನೋ ಮಾತೆತ್ತಬಾರ್ದು, ಹಂಗೆ ಮಾಡ್ತೀನಿ."

ಫೋನಿನಲ್ಲಿ ಹೀಗೆ ಎದೆಯುಬ್ಬಿಸಿ ಹೇಳಿದವನು ಭದ್ರಾವತಿ ಓಲ್ಡ್ ಟೌನಿನ ಸ್ಕೂಟರ್ ಮೆಕ್ಯಾನಿಕ್ಕು ಅಸದುಲ್ಲಾ. ಕಣ್ಣಿಗೆ ಬಟ್ಟೆ ಕಟ್ಟಿದರೂ ಇಂಜಿನ್ ಬಿಚ್ಚಿ ಜೋಡಿಸುವ ಕೈ ಅದು. ಆದರೆ ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಆ ಕೈ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ್ದು ಬಿಟ್ಟರೆ ಒಂದು ಲೋಟ ತೊಳೆದದ್ದಿಲ್ಲ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ಕರೀಮಾಬಿ ತಲೆ ಎತ್ತಿದಳು. "ಯಾರ ಕೈಯಾರೆ ಅಂದ್ರಿ?"

"ನನ್ನ ಕೈಯಾರೆ."

"ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಗೊತ್ತಾ ನಿಮಗೆ?"

"ಭಾನುವಾರದೊಳಗೆ ತಿಳ್ಕೋತೀನಿ."

ಅವನೇನು ಸುಮ್ಮಸುಮ್ಮನೆ ಕೊಚ್ಚಿಕೊಂಡದ್ದಲ್ಲ. ಮಗಳು ಶಿರೀನ್ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅದೇ ಊರಿನ ಬಟ್ಟೆ ವ್ಯಾಪಾರಿ ಜಮ್ಶೀದ್ ಸಾಹೇಬರ ಮಗ ಸಯೀದನ ಸಂಬಂಧ ಬಂದಿತ್ತು. ಹುಡುಗನಿಗೆ ಒಪ್ಪಿಗೆ, ಹುಡುಗಿಗೂ ಒಪ್ಪಿಗೆ. ಶಿರೀನಳದು ಒಂದೇ ಷರತ್ತು. "ಡ್ಯೂಟಿ ಮುಗಿಸಿ ನಾನು ಬಸವಳಿದು ಬಂದಾಗ ಅವರು ಕಾಲು ಚಾಚ್ಕೊಂಡು ಊಟ ಬಡಿಸು ಅನ್ನಬಾರ್ದು. ಅಡುಗೆಮನೆ ಇಬ್ಬರದೂ. ಇಲ್ಲಾಂದ್ರೆ ಈ ಮದುವೆ ಬೇಡ ಅಬ್ಬಾ."

ಅಸದುಲ್ಲಾ ಅದನ್ನೇ ಫೋನಿನಲ್ಲಿ ಬೀಗರಾಗುವವರ ಕಿವಿಗೆ ಹಾಕಿದ. ಜಮ್ಶೀದ್ ಸಾಹೇಬರು ನಕ್ಕರು. "ನಮ್ಮ ಹುಡುಗನ್ನ ಒಲೆ ಮುಂದೆ ನಿಲ್ಲಿಸ್ತೀರಿ, ಸರಿ. ನೀವು ನಿಲ್ತೀರಾ?"

ಇಲ್ಲ ಅಂದರೆ ಮಗಳ ಷರತ್ತು ಅಲ್ಲೇ ಮಣ್ಣುಪಾಲು. ಅದಕ್ಕೇ ಬಾಯಿಂದ ಸ್ಮೂದಿ ಹೊರಟಿತು. "ದಿನಾ ನಾನೇ ಮಾಡೋದು" ಅನ್ನುವ ಮಾತೂ ಅದರ ಬೆನ್ನಿಗೇ ಹೊರಟುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾನುವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದವನೇ ಬಿಳಿ ಜುಬ್ಬಾದ ತೋಳು ಮಡಿಸಿದ. ಹನ್ನೆರಡು ಮೋಸಂಬಿ, ಆರು ಕಿತ್ತಳೆ, ಬಾಳೆಹಣ್ಣು, ಮೊಸರು, ಐಸು, ಜೇನುತುಪ್ಪ ಎಲ್ಲವನ್ನೂ ಸ್ಪ್ಯಾನರ್ ಜೋಡಿಸಿದ ಹಾಗೆ ಸಾಲಾಗಿ ಇಟ್ಟ. ತಾಯಿ ಮಗಳಿಬ್ಬರನ್ನೂ ಹೊಸ್ತಿಲಿಂದಾಚೆ ಅಟ್ಟಿದ.

"ನೀವು ಕೈ ಹಾಕಿದ್ರೆ ನಾನು ಹೇಳಿದ್ದು ಸುಳ್ಳಾಗುತ್ತೆ."

"ಈಗೇನು ಅದು ನಿಜಾನಾ?" ಅಂದಳು ಕರೀಮಾಬಿ, ಬಾಗಿಲಾಚೆ ಕುರ್ಚಿ ಎಳೆದುಕೊಳ್ಳುತ್ತಾ.

"ಮಿಕ್ಸಿ ಅಂದ್ರೆ ಏನು ಮಾರಾಯ್ತಿ? ಒಂದು ಮೋಟರು, ಒಂದು ಬ್ಲೇಡು. ಇಡೀ ಗಾಡಿ ಬಿಚ್ಚೋನಿಗೆ ಇದು ಯಾವ ಲೆಕ್ಕ."

ಹಣ್ಣು ಹಾಕಿದ್ದೇ ತಡ, ಜಾರಿನ ತಳದಿಂದ ರಸ ತೊಟ್ಟಿಕ್ಕಿತು.

"ವಾಶರ್ ಹೋಗಿದೆ ಅಂತ ಒಂದು ತಿಂಗಳಿಂದ ಬಡ್ಕೋತಿದೀನಿ" ಎಂದಿತು ಹೊರಗಿನ ಕುರ್ಚಿ. "ಊರಿನ ಗಾಡಿಗೆಲ್ಲ ವಾಶರ್ ಸಿಗುತ್ತೆ, ನನ್ನ ಮಿಕ್ಸಿಗೆ ಮಾತ್ರ ಬರಗಾಲ."

ಅಸದುಲ್ಲಾ ಹಿತ್ತಲಿಗೆ ಹೋದ. ಹಳೇ ಸ್ಕೂಟರ್ ಟ್ಯೂಬಿನಿಂದ ಉಂಗುರದಂಥ ವಾಶರ್ ಕತ್ತರಿಸಿದ. ಅಳತೆ ಎಂದರೆ ಅಳತೆ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಯಾವ ಬಿಡಿಭಾಗವೇ ಆಗಲಿ, ಪೆಟ್ರೋಲಿನಲ್ಲಿ ತೊಳೆಯದೆ ಕೂರಿಸಬಾರದು ಎನ್ನುವುದು ಅವನ ಉಸ್ತಾದರು ಕಲಿಸಿದ ಮೊದಲ ಪಾಠ. ಮೂವತ್ತೈದು ವರ್ಷದ ಅಭ್ಯಾಸ. ತಲೆ ಸ್ಮೂದಿಯ ಕಡೆ ಇದ್ದಾಗ ಕೈ ತನ್ನ ಪಾಡಿಗೆ ತಾನು ವಾಶರನ್ನು ಪೆಟ್ರೋಲಿನಲ್ಲಿ ಅದ್ದಿ, ಉಜ್ಜಿ, ಊದಿ, ಜಾರಿಗೆ ಕೂರಿಸಿಬಿಟ್ಟಿತು.

ಹಣ್ಣು ಹಾಕಿ ತಿರುಗಿಸಿದ, ಒಂದು ತೊಟ್ಟೂ ಸೋರಲಿಲ್ಲ. ಹೆಮ್ಮೆಯಿಂದ ಮುಚ್ಚಳ ತೆಗೆದ.

"ರೀ, ಗಾಡಿ ಒಳಗೆ ತಂದ್ರಾ?" ಕೇಳಿದಳು ಕರೀಮಾಬಿ.

"ಅಬ್ಬಾ, ಬೆಂಕಿಕಡ್ಡಿ ಮಾತ್ರ ಗೀರಬೇಡಿ" ಅಂದಳು ಶಿರೀನ್.

ಅರ್ಧ ಹಣ್ಣು ಹಾಗೇ ಮೋರಿ ಪಾಲಾಯಿತು. ಆ ಜಾರನ್ನು ಹೊರಗೆ ಎಸೆದು, ಪಕ್ಕದ ಮನೆಯ ಶಕುಂತಲಮ್ಮನ ಹತ್ತಿರ ಜಾರು ಇಸಿದುಕೊಂಡು ಬಂದ. ಅದೂ ಅವನೇ ಹೋಗಿ. "ಮುಚ್ಚಳ ಒಂಚೂರು ಸಡಿಲ ಕಣಪ್ಪಾ, ಕೈಯಲ್ಲಿ ಒತ್ತಿ ಹಿಡ್ಕೋ" ಎಂದು ಆಕೆ ಎರಡು ಸಲ ಹೇಳಿದ್ದರು. ಆದರೆ ಅಸದುಲ್ಲಾನಿಗೆ ಗಡಿಯಾರ ಮಾತ್ರ ಕಾಣುತ್ತಿತ್ತು. ನಾಲ್ಕಕ್ಕೆ ಬರುವವರು, ಮೂರೂ ಮುಕ್ಕಾಲು ಆಗಿತ್ತು.

ಹಣ್ಣು, ಮೊಸರು, ಐಸು ಎಲ್ಲ ಕಂಠಮಟ್ಟ ತುಂಬಿದ. ಹೊಸದಾಗಿ ಕಟ್ಟಿದ ಇಂಜಿನ್ನನ್ನು ಒಮ್ಮೆ ಜೋರಾಗಿ ರೇಸ್ ಮಾಡಿ ನೋಡುವುದು ಅವನ ರೂಢಿ. ಗುಂಡಿಯನ್ನು ಸೊನ್ನೆಯಿಂದ ನೆಟ್ಟಗೆ ಮೂರಕ್ಕೆ ತಿರುಗಿಸಿದ.

ಮುಚ್ಚಳ ಸೂರು ಮುಟ್ಟಿ ಬಂತು. ಅದರ ಹಿಂದೆಯೇ ಸ್ಮೂದಿ ಎದ್ದಿತು. ಗೋಡೆಗೆ, ಫ್ಯಾನಿಗೆ, ಮಸಾಲೆ ಡಬ್ಬಿಗಳಿಗೆ, ಅಸದುಲ್ಲಾನ ಗಡ್ಡಕ್ಕೆ, ಯಾರಿಗೂ ಭೇದ ಮಾಡದೆ ಸಮನಾಗಿ ಹಂಚಿಹೋಯಿತು. ಆಫ್ ಮಾಡಲು ಹೋದವನು ಗಾಬರಿಯಲ್ಲಿ ಫ್ಯಾನಿನ ಸ್ವಿಚ್ಚು ಒತ್ತಿದ. ಉಳಿದದ್ದನ್ನು ಫ್ಯಾನು ಹಂಚಿತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಅಸ್ಸಲಾಮು ಅಲೈಕುಮ್. ಎಲ್ಲಿ ನಮ್ಮ ಸ್ಮೂದಿ ಭಾಯಿ?" ಜಮ್ಶೀದ್ ಸಾಹೇಬರ ದನಿ. ಜೊತೆಗೆ ಹೆಂಡತಿ ಇರಂ, ಮಗ ಸಯೀದ. ಕರೀಮಾಬಿ ಏನು ಹೇಳುವುದೆಂದು ಹುಡುಕುವಷ್ಟರಲ್ಲಿ ಮೂವರೂ ಅಡುಗೆಮನೆ ಬಾಗಿಲಲ್ಲಿದ್ದರು.

ಒಳಗೆ ತಲೆಯಿಂದ ಕಾಲಿನವರೆಗೆ ಹಳದಿಯಾಗಿ ಅಸದುಲ್ಲಾ ನಿಂತಿದ್ದ. ಸೂರಿನಿಂದ ಒಂದು ಹನಿ ಅವನ ಟೋಪಿಯ ಮೇಲೆ ಟಪ್ಪೆಂದು ಬಿತ್ತು.

"ದಿನಾ ಮಾಡ್ತೀರಾ?" ಕೇಳಿದರು ಜಮ್ಶೀದ್ ಸಾಹೇಬರು.

ಅಸದುಲ್ಲಾ ಮಗಳ ಮುಖ ನೋಡಿದ. ನಗುವುದೋ ಅಳುವುದೋ ತಿಳಿಯದೆ ಅವಳು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಇನ್ನೊಂದು ಸುಳ್ಳು ನಾಲಿಗೆಯ ತನಕ ಬಂದದ್ದು ಅಲ್ಲೇ ಕರಗಿತು.

"ಇಲ್ಲ ಸಾಹೇಬ್ರೇ. ಇವತ್ತೇ ಮೊದಲು. ಇಪ್ಪತ್ತೆಂಟು ವರ್ಷ ಇವಳೊಬ್ಬಳೇ ಇಲ್ಲಿ ಬೇಯ್ತಾ ಇದ್ಲು, ನಾನು ತಟ್ಟೆ ಮುಂದೆ ಕೂತಿರ್ತಿದ್ದೆ. ನನ್ನ ಮಗಳಿಗೂ ನನ್ನಂಥೋನೇ ಸಿಗೋದು ಬೇಡ ಅಂತ ಸುಳ್ಳು ಹೇಳಿದೆ. ಸುಳ್ಳು ನಂದು. ಷರತ್ತು ಮಾತ್ರ ಸುಳ್ಳಲ್ಲ. ಅದಾಗಲ್ಲ ಅಂದ್ರೆ ನೀವು ಹಿಂಗೇ ವಾಪಸ್ ಹೋದ್ರೂ ಸರಿ."

ಕರೀಮಾಬಿ ಗಂಡನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು.

ಸಯೀದ ಚಪ್ಪಲಿ ಬಿಟ್ಟು ಒಳಗೆ ಬಂದ. ನೆಲದ ಮೇಲೆ ಕಾಲು ಜಾರಿ, ಗೋಡೆ ಹಿಡಿದು ಸಾವರಿಸಿಕೊಂಡು, ಶಿರೀನಳನ್ನು ಕೇಳಿದ, "ಮೋಸಂಬಿ ಇನ್ನೂ ಇದೆಯಾ?"

"ನಾಲ್ಕಿದೆ. ಬೀಜ ಬಿಡಿಸ್ಬೇಕು, ಇಲ್ಲಾಂದ್ರೆ ಕಹಿ."

"ಬಿಳಿ ನಾರು?"

"ಅದನ್ನೂ."

ಅವನು ಒಂದೊಂದೇ ತೊಳೆ ಬಿಡಿಸಿ, ಬೀಜ ತೆಗೆದು ಬಟ್ಟಲಿಗೆ ಹಾಕುತ್ತಾ ಹೋದ. ತುಂಬಾ ನಿಧಾನ. ಒಂದು ಮೋಸಂಬಿಗೆ ಹಿಡಿದ ಹೊತ್ತಿನಲ್ಲಿ ಕರೀಮಾಬಿ ಒಂದು ಅಡುಗೆ ಮಾಡಿ ಮುಗಿಸುತ್ತಿದ್ದಳು. ಆದರೂ ಯಾರೂ ಅವಸರ ಮಾಡಲಿಲ್ಲ.

"ಮನೇಲಿ ಒಂದು ಲೋಟ ನೀರು ತಗೊಂಡೋನಲ್ಲ. ಇದ್ಯಾವಾಗ ಕಲಿತೆಯೋ?" ಎಂದರು ಇರಂ.

"ಕಲಿತಿಲ್ಲ ಅಮ್ಮಿ, ಈಗ ಕಲೀತಿದೀನಿ. ಒಳಗೆ ಬಂದ್ರೆ ನೀನೇ ಓಡಿಸ್ತಿದ್ದೆಯಲ್ಲ."

ಮುಚ್ಚಳವನ್ನು ಅವನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಶಿರೀನ್ ಗುಂಡಿ ತಿರುಗಿಸಿದಳು, ಮೊದಲು ಒಂದಕ್ಕೆ. ಆರು ಲೋಟಕ್ಕೆ ಅರ್ಧರ್ಧ ಬಂತು. ತಣ್ಣಗೆ, ಹುಳಿ ಸಿಹಿ ಹದವಾಗಿ, ಗಂಟಲಿಳಿದದ್ದೇ ಎಲ್ಲರ ಮುಖ ಸಡಿಲವಾಯಿತು.

ಜಮ್ಶೀದ್ ಸಾಹೇಬರು ಮೀಸೆ ಒರೆಸಿಕೊಂಡರು. "ಭಾಯಿ, ನಿಮ್ಮ ಷರತ್ತಿಗೆ ನಮ್ಮ ಒಪ್ಪಿಗೆ. ಆದ್ರೆ ನಮ್ಮದೂ ಒಂದು ಷರತ್ತಿದೆ."

ಅಸದುಲ್ಲಾ ಲೋಟ ಕೆಳಗಿಟ್ಟ. "ಹೇಳಿ."

"ಮಗಳನ್ನ ನೋಡೋಕೆ ಯಾವಾಗ ಬೇಕಾದ್ರೂ ಬನ್ನಿ. ನಮ್ಮ ಅಡುಗೆಮನೆಗೆ ಮಾತ್ರ ಕಾಲಿಡಬೇಡಿ. ಹೋದ ಈದಿಗೆ ತಾನೆ ಸುಣ್ಣ ಬಣ್ಣ ಮಾಡ್ಸಿದೀವಿ."

ಎಲ್ಲರೂ ನಕ್ಕರು. ಅಸದುಲ್ಲಾನೂ ಗಡ್ಡದ ಹಳದಿ ಒರೆಸಿಕೊಳ್ಳುತ್ತಾ ನಕ್ಕ. ಬಚಾವಾದೆ ಅಂದುಕೊಂಡ.

"ಅದು ಅವರ ಮನೆ ಮಾತು" ಎಂದಳು ಕರೀಮಾಬಿ, ಒದ್ದೆ ಬಟ್ಟೆ, ಸ್ಟೂಲು ಎರಡನ್ನೂ ಅವನ ಮುಂದಿಟ್ಟು. "ಈಗ ಸೂರು ಒರೆಸಿ. ನಾಳೆಯಿಂದ ದಿನಾ ಬೆಳಿಗ್ಗೆ ಆರಕ್ಕೆ ಇಲ್ಲಿ ಹಾಜರಿ. ರೊಟ್ಟಿ ಹಿಟ್ಟು ಕಲಸೋದರಿಂದ ಶುರು ಮಾಡೋಣ."

ಅಸದುಲ್ಲಾ ಸ್ಟೂಲು ಹತ್ತಿ, ಯಾರಾದರೂ ಗಂಡಸರು ತನ್ನ ಪರ ಒಂದು ಮಾತಾಡಬಹುದೆಂದು ಜಮ್ಶೀದ್ ಸಾಹೇಬರ ಕಡೆ ನೋಡಿದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇರಂ ಖಾಲಿ ಲೋಟ ಕೆಳಗಿಟ್ಟು ಗಂಡನ ಕಡೆ ತಿರುಗಿದರು. "ನಮ್ಮನೇಲಿ ಐದೂವರೆಗೇ ಹಿಟ್ಟು ಕಲಸೋದು. ಏಳ್ತೀರಲ್ಲ?"