ಸೂಜಿಗೆ ವೆಂಕಟಮ್ಮನವರ ಸಮ್ಮತಿ

ನಮ್ಮ ಅಜ್ಜಿಯ ಕಿವಿಗೆ ಬೀಳುವಂತೆ 'ಹಕ್ಕು' ಎಂಬ ಪದವನ್ನು ಹೇಳಬಾರದು. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ನಿಯಮವನ್ನು ನನಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ನಾನು ಡಾಕ್ಟರ ಬೋರ್ಡನ್ನು ಮನೆಯೊಳಗೆ ತರುತ್ತಲೇ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಬರೆದು ಮುಗಿಸುತ್ತಿದ್ದೆ.

ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿರುವವನನ್ನು ಖಾತೆಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಗ್ಯಾಸ್ ಸಿಲಿಂಡರ್ ಖಾತೆ, ನೀರು ಹಿಡಿಯುವ ಖಾತೆ, ಪಕ್ಕದ ಮನೆಯವರ ಪಾರ್ಸೆಲ್ ಇಸಿದುಕೊಳ್ಳುವ ಖಾತೆ. ಎಲ್ಲಕ್ಕಿಂತ ಭಾರವಾದದ್ದು ಆರೋಗ್ಯ ಖಾತೆ, ಅಂದರೆ ನಮ್ಮ ಅಜ್ಜಿ ವೆಂಕಟಮ್ಮ. ಅಜ್ಜಿ ಸಿಗರೇಟು ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಅಲ್ಲಿ ಅವಳು ಎಷ್ಟು ಸಿಗರೇಟು ತುಂಬಿದಳೋ ಗೊತ್ತಿಲ್ಲ. ಗೇಟಿನ ಮುಂದೆ ಯೂನಿಯನ್ನಿನ ಪರವಾಗಿ ಕೂಗಿದ್ದು ಮಾತ್ರ ಹಲಸೂರಿನ ಹಳಬರಿಗೆಲ್ಲ ಗೊತ್ತು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಕ್ಕ ಬಾಬಾಸಾಹೇಬರ ಪಟವಿದೆ. ದಿನಾ ಬೆಳಿಗ್ಗೆ ಅದನ್ನು ಒರೆಸುವ ಅಧಿಕಾರ ಅಜ್ಜಿಗೆ ಮಾತ್ರ.

ಈಚೆಗೆ ಅಜ್ಜಿಯ ಹಿಮ್ಮಡಿಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಗಿತ್ತು. ಅದು ಮಾಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇರುವುದರಿಂದ ಇನ್ನು ಮಾತ್ರೆ ಸಾಲದು, ಇನ್ಸುಲಿನ್ ಶುರುಮಾಡಲೇಬೇಕು, ತಡಮಾಡಿದರೆ ಕಾಲಿಗೇ ಅಪಾಯ ಎಂದು ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರ್ ಲಕ್ಷ್ಮಿಕಾಂತ ಹೇಳಿದ್ದರು. ಸೂಜಿ ಸಿಕ್ಕಿಸಿ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನು ಬಂದು ಫ್ರಿಜ್ಜಿನ ಬಾಗಿಲಲ್ಲಿ ಕೂತಿತ್ತು. ಅಜ್ಜಿ 'ನೋಡೋಣ' ಎನ್ನುತ್ತಿದ್ದಳು. ಇನ್ನೊಂದು ವಾರ ಹಾಗೇ ಬಿಟ್ಟಿದ್ದರೆ ಅವಳೇ ಒಪ್ಪುತ್ತಿದ್ದಳು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆ ವಾರದಲ್ಲೇ ಬೋರ್ಡು ಬಂತು.

ಕ್ಲಿನಿಕ್ಕಿನ ನೋಂದಣಿ ನವೀಕರಣಕ್ಕೆ ತಪಾಸಣೆಯವರು ಬರುವವರಿದ್ದರು. ಡಾಕ್ಟರು ನನ್ನನ್ನು ಕರೆದರು.

"ಸುಗತ, ನಿನ್ನ ಅಕ್ಷರ ಚೆನ್ನಾಗಿದೆ. ನಂದು ನೋಡಿದ್ರೆ ಮೆಡಿಕಲ್ ಶಾಪ್‌ನೋರೇ ಕಣ್ಣೀರು ಹಾಕ್ತಾರೆ. ರೋಗಿಗಳ ಹಕ್ಕುಗಳು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಹಾಕ್ಬೇಕು. ಮೊದಲಿನ ಕಾಲ ಅಲ್ಲಪ್ಪ ಇದು. ಕಸಕ್ಕೂ ಬಣ್ಣ ಬಂದಿದೆ, ಗೋಡೆಗೂ ಮಾತು ಬಂದಿದೆ."

ನಾನು ನೋಡಿದೆ. ನಿಜವಾಗಿಯೂ ಮೂಲೆಯಲ್ಲಿ ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಗಳು ಸಾಲಾಗಿ ಕೂತಿದ್ದವು. ರಕ್ತದ ಹತ್ತಿ ಒಂದಕ್ಕೆ, ಪ್ಲಾಸ್ಟಿಕ್ ನಳಿಗೆ ಒಂದಕ್ಕೆ, ಸೂಜಿ ಇನ್ನೊಂದಕ್ಕೆ. ನನಗೆ ಬಹಳ ಕುತೂಹಲವಾಯಿತು. ರೋಗಿಯೊಬ್ಬರು ಬಾಳೆಹಣ್ಣು ತಿಂದರೆ ಸಿಪ್ಪೆ ಯಾವುದಕ್ಕೆ ಎಂದು ಕೇಳಿದೆ. ಡಾಕ್ಟರು ಸ್ವಲ್ಪ ಯೋಚಿಸಿ, "ಅವರಿಗೆ ಮನೇಲಿ ತಿನ್ನಕ್ಕೆ ಹೇಳು" ಎಂದರು.

"ಬೋರ್ಡನ್ನ ಯಾರಾದ್ರೂ ಓದ್ತಾರಾ ಸಾರ್?"

"ಗೋಡೆ ಮೇಲಿರೋದನ್ನ ಇಷ್ಟು ವರ್ಷದಲ್ಲಿ ಒಬ್ರೂ ಓದಿಲ್ಲ. ನೀನು ಧೈರ್ಯವಾಗಿ ಬರಿ."

ಬೋರ್ಡನ್ನು ನಡುಮನೆಯಲ್ಲಿ ಹಾಸಿ, ಸ್ಕೇಲಿನಿಂದ ಗೆರೆ ಎಳೆದು, ಒಂದೊಂದೇ ಅಕ್ಷರವನ್ನು ಮೊದಲು ಪೆನ್ಸಿಲಿನಲ್ಲಿ, ಮೇಲೆ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದೆ. ನನಗೆ ಬರೆಯುವಾಗ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ. "ರೋಗಿಗಳ ಹಕ್ಕು..." ಎಂದಿದ್ದೇ ತಡ, ಮಂಚದ ಮೇಲೆ ಮಲಗಿದ್ದ ಅಜ್ಜಿ ಎದ್ದು ಕೂತಳು.

"ಏನಂದೆ? ಮತ್ತೆ ಓದು."

ಓದಿದೆ. ಚಿಕಿತ್ಸೆಯ ಬಗ್ಗೆ ಪೂರ್ತಿ ಮಾಹಿತಿ ಪಡೆಯುವ ಹಕ್ಕು. ತಿಳಿದು ಸಮ್ಮತಿ ಕೊಡುವ ಹಕ್ಕು. ಗೋಪ್ಯತೆಯ ಹಕ್ಕು. ಬೇರೆ ವೈದ್ಯರಿಂದ ಎರಡನೇ ಅಭಿಪ್ರಾಯ ಪಡೆಯುವ ಹಕ್ಕು. ದೂರು ಕೊಡುವ ಹಕ್ಕು. (ಕೊನೆಯದನ್ನು ಬಿಡಬಹುದಿತ್ತು. ಆದರೆ ಬರೆದದ್ದನ್ನು ಅರ್ಧ ಓದುವುದು ನನ್ನಿಂದಾಗುವುದಿಲ್ಲ.)

"ಇದೆಲ್ಲಾ ಸರ್ಕಾರಾನೇ ಹೇಳಿದ್ಯಾ?"

"ಹೂಂ ಅಜ್ಜಿ."

"ನಾನು ರೋಗಿ ತಾನೇ?"

"ಹೌದು."

ಅಜ್ಜಿ ಪಟದ ಕಡೆ ತಿರುಗಿ ಕೈ ಮುಗಿದಳು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು.

ಅಮ್ಮ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಿಂದ ಸಂಜೆ ಬಂದವಳು ದಿನದ ಅಭ್ಯಾಸದಂತೆ ಅಜ್ಜಿಯ ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಯಂತ್ರ ಹಿಡಿದಳು. ಅಂಕಿ ಬರುತ್ತಿದ್ದಂತೆ ಅಜ್ಜಿ ಯಂತ್ರವನ್ನು ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿದಳು.

"ಎಷ್ಟು ಬಂತು ಅತ್ತೆ?"

"ಗೋಪ್ಯ."

"ಏನು ಗೋಪ್ಯ? ನಾನು ನಿಮ್ಮ ಸೊಸೆ!"

"ಅದಕ್ಕೇ."

ಅಮ್ಮ ನನ್ನ ಕಡೆ ನೋಡಿದಳು. ನಾನು ಬೋರ್ಡಿನ ಕಡೆ ನೋಡಿದೆ. ಅಪ್ಪ ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು. (ಅವರು ಬೆಳಿಗ್ಗೆಯೇ ಸ್ನಾನ ಮಾಡಿದ್ದರು. ಅತ್ತೆ ಸೊಸೆ ಮಾತು ಶುರುವಾದರೆ ಅವರಿಗೆ ಮೈ ಕೊಳೆಯಾದಂತೆ ಅನಿಸುತ್ತದೆ.)

"ಸರಿ, ಸೂಜಿ ಯಾವತ್ತಿಂದ ಹಾಕೋಣ? ಅದನ್ನಾದ್ರೂ ಹೇಳಿ."

"ಆ ಮದ್ದಲ್ಲಿ ಏನಿದೆ, ಹಾಕಿದ್ರೆ ಏನಾಗುತ್ತೆ, ಎಲ್ಲಾ ತಿಳೀಬೇಕು. ತಿಳಿದ್ಮೇಲೆ ಸಮ್ಮತಿ. ಮ್ಯಾನೇಜ್‌ಮೆಂಟು ಬಾಗ್ಲು ಮುಚ್ಕೊಂಡು ತೀರ್ಮಾನ ಮಾಡೋ ಕಾಲ ಹೋಯ್ತು."

ಅಮ್ಮನಿಗೆ ಮ್ಯಾನೇಜ್‌ಮೆಂಟ್ ಎಂದು ನಾಮಕರಣವಾದದ್ದು ಹೀಗೆ. ಅಜ್ಜಿ ಕೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಬೋರ್ಡಿನಲ್ಲಿ 'ಪೂರ್ತಿ ಮಾಹಿತಿ' ಎಂದೇ ಇತ್ತು. ಸಮ್ಮತಿ ಎಂಬುದು ಹೇಗೆ ಹುಟ್ಟುತ್ತದೆ ಎಂದು ನೋಡುವ ಆಸೆಯೂ ನನಗಿತ್ತು. ಮರುದಿನ ಮಧ್ಯಾಹ್ನ ಪೆನ್ನಿನ ಪೆಟ್ಟಿಗೆಯೊಳಗಿದ್ದ ಕಾಗದವನ್ನು ಬಿಚ್ಚಿದೆ. ಮಡಚಿದಾಗ ಬೆಂಕಿಪೊಟ್ಟಣದಷ್ಟಿದ್ದದ್ದು ಬಿಚ್ಚಿದರೆ ಅಪ್ಪನ ಲುಂಗಿಯಷ್ಟಾಯಿತು. ಇರುವೆ ಸಾಲಿನಂಥ ಇಂಗ್ಲಿಷು. ಮೊಬೈಲಿನಲ್ಲಿ ಒಂದೊಂದೇ ಪದದ ಅರ್ಥ ನೋಡಿ, ಸಂಶಯ ಬಂದ ಕಡೆ ಎರಡು ಸಲ ನೋಡಿ, ಅಜ್ಜಿಗೆ ಪೂರ್ತಿ ಓದಿ ಹೇಳಿದೆ.

"ಬೆವರಬಹುದು. ಕೈ ನಡುಗಬಹುದು. ಚುಚ್ಚಿದ ಜಾಗ ಗಂಟು ಕಟ್ಟಬಹುದು. ಮೈ ಊದಬಹುದು. ಸಕ್ಕರೆ ತೀರಾ ಇಳಿದರೆ ಪ್ರಜ್ಞೆ ತಪ್ಪಬಹುದು. ಇದು ಅಪರೂಪಕ್ಕೆ, ಅಜ್ಜಿ."

"ಪ್ರಜ್ಞೆ ತಪ್ಪುತ್ತೆ ಅಂತ ಅವ್ರೇ ಬರ್ಕೊಂಡವ್ರಾ?"

"ಅಪರೂಪಕ್ಕೆ ಅಂತಾನೂ ಬರೆದಿದ್ದಾರೆ."

"ಕಾರ್ಖಾನೇಲೂ ಅಪಘಾತ ಅಪರೂಪಕ್ಕೇ ಆಗ್ತಿದ್ದು. ಸಮ್ಮತಿ ಇಲ್ಲ. ಮುಚ್ಚು ಅದನ್ನ."

ಮುಚ್ಚಲು ಹೋದೆ. ಆ ಕಾಗದ ಮೊದಲಿನ ಮಡಿಕೆಗೆ ಬರಲೇ ಇಲ್ಲ.

ಅಂದು ಸಂಜೆ ಅಮ್ಮ ಹೇಳಿದ್ದನ್ನು ಇಲ್ಲಿ ಬಯ್ಗುಳ ಕಳೆದು ಕೊಡುತ್ತಿದ್ದೇನೆ. "ಬಾಡಿಗೆ ಮನೆ ಅಗ್ರಿಮೆಂಟನ್ನೇ ಯಾರೂ ಪೂರ್ತಿ ಓದಲ್ಲ, ನೀನು ಔಷಧಿ ಚೀಟಿ ಓದಿದ್ಯಾ? ಓದೋ ವಯಸ್ಸಲ್ಲಿ ಪುಸ್ತಕ ಬಿಸಾಕಿ ಬಂದ. ಈಗ ಓದ್ತಾನೆ! ಅದೂ ಯಾರ ಮುಂದೆ!"

ಬಚ್ಚಲಿನಿಂದ ನೀರು ಸುರಿಯುವ ಸದ್ದು ಬರುತ್ತಿತ್ತು.

ನನಗೆ ನಗು ಬರಲಿಲ್ಲ. ಅಜ್ಜಿಯ ಗಾಯದ ಬಟ್ಟೆ ಬದಲಿಸುವವನು ನಾನೇ. ಅಂದು ಬಿಚ್ಚಿದಾಗ ಗಾಯದ ಅಂಚು ಕಪ್ಪಾಗಿತ್ತು. ಅಜ್ಜಿ, "ನೋವೇನಿಲ್ಲ ಕಣೋ" ಎಂದಳು. ನೋವಿಲ್ಲದಿರುವುದೇ ಒಳ್ಳೆಯದಲ್ಲ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ನಾನು ಸೀದಾ ಕ್ಲಿನಿಕ್ಕಿಗೆ ಹೋದೆ.

"ಸಾರ್, ಎಲ್ಲಾ ಸರಿಯಾಗಿ ಓದಿ ಹೇಳಿದೆ. ಅಜ್ಜಿ ತಿಳ್ಕೊಂಡೇ ಬೇಡ ಅಂದ್ಲು. ತಿಳ್ಕೊಂಡು ಬೇಡ ಅಂದ್ರೆ ಅದು ಹಕ್ಕು ತಾನೇ? ಮತ್ತೆ ನನಗ್ಯಾಕೆ ಹೆದರಿಕೆ ಆಗ್ತಿದೆ?"

ಡಾಕ್ಟರು ಕನ್ನಡಕ ತೆಗೆದರು. "ಹಾಕಿಸ್ಕೊಂಡ್ರೆ ಏನಾಗ್ಬಹುದು ಅಂತ ಓದಿದೆ. ಹಾಕಿಸ್ಕೊಳ್ದೇ ಇದ್ರೆ ಏನಾಗುತ್ತೆ ಅಂತ ಹೇಳಿದ್ಯಾ?"

"ಅದು ಚೀಟೀಲಿ ಇರ್ಲಿಲ್ಲ ಸಾರ್."

"ಎರಡೂ ಹೇಳಿದ್ರೇನೇ ಪೂರ್ತಿ ಮಾಹಿತಿ ಕಣಪ್ಪ. ನೀನು ಹೇಳಿದ್ದು ಅರ್ಧ."

ಅರ್ಧ ಓದುವುದು ನನ್ನಿಂದಾಗುವುದಿಲ್ಲ ಎಂದು ಹೆಮ್ಮೆಪಡುತ್ತಿದ್ದವನು ನಾನು! ಮನೆಗೆ ಬಂದು ಉಳಿದರ್ಧವನ್ನೂ ಹೇಳಿದೆ. ಗಾಯ ಏರುತ್ತದೆ, ಬೆರಳು ಹೋಗಬಹುದು, ಪಾದವೇ ಹೋಗಬಹುದು. ಅಜ್ಜಿ ಬಹಳ ಹೊತ್ತು ಕಾಲನ್ನೇ ನೋಡಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಎರಡನೇ ಅಭಿಪ್ರಾಯ ತಗೋಬೇಕು. ನಡಿ ಮೇಲಕ್ಕೆ" ಎಂದಳು.

ಮೇಲೆ ಅಂದರೆ ಮಹಡಿ ಮನೆಯ ಶಮೀಮ್ ಆಂಟಿ. ಅವರ ಯಜಮಾನರಿಗೆ ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ. ಆಂಟಿ ವೈದ್ಯರಲ್ಲ, ಆದರೆ ಬಹುಕಾಲದಿಂದ ತಾವೇ ಇನ್ಸುಲಿನ್ ಹಾಕಿಕೊಳ್ಳುವವರು. ನಾವು ಹೋದಾಗ ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು, ಮದುವೆಯಾಗಿ ಹೋದ ಮಗಳು ಬುಷ್ರಾಗೆ ಅಡುಗೆಯ ವಿಚಾರದಲ್ಲಿ ಬಯ್ಯುತ್ತಿದ್ದರು. ಕೈಯಲ್ಲಿ ಪೆನ್ನಿತ್ತು. ನಾನು ಸಂಕೋಚದಿಂದ ಗೋಡೆಯ ಕಡೆ ತಿರುಗಿ ನಿಂತೆ. ಆದ್ದರಿಂದ ಈ ಭಾಗವನ್ನು ಕೇಳಿಸಿದಷ್ಟೇ ಬರೆಯುತ್ತೇನೆ.

"ಈರುಳ್ಳಿ ಕೆಂಪಾಗೋ ಮುಂಚೆ ಮಸಾಲೆ ಯಾಕೆ ಹಾಕ್ದೆ ಬೇಟಾ? ಅವಸರ ಏನಿತ್ತು ನಿಂಗೆ? ಇಡು ಫೋನ್. ಹೇಳಿ ಅಮ್ಮಾ, ಏನು ವಿಷ್ಯ?"

"ಸೂಜಿ ಹಾಕ್ಕೊಳ್ಳೋದು ತೋರ್ಸು ಶಮೀಮ್. ನೋಡ್ಬೇಕು."

"ಆಯ್ತಲ್ಲ."

"ಏನಾಯ್ತು?"

"ಹಾಕ್ಕೊಂಡೆ."

"ಯಾವಾಗ?"

"ಈರುಳ್ಳಿಗೆ ಬಯ್ತಿದ್ನಲ್ಲ, ಆವಾಗ."

"ಥೂ, ಇಷ್ಟೇನಾ!" ಎಂದಳು ಅಜ್ಜಿ.

"ಮತ್ತೇನು, ತಲ್ವಾರ್ ತಗೊಂಡು ಚುಚ್ತಾರೆ ಅಂದ್ಕೊಂಡ್ರಾ? ಇರುವೆ ಕಚ್ದಂಗೆ. ಹೋಗಿ ಹಾಕ್ಕೊಳ್ಳಿ ಸುಮ್ನೆ. ಕಾಲು ಇದ್ರೆ ತಾನೇ ನಾಳೆ ನನ್ನ ಜೊತೆ ಮಾರ್ಕೆಟ್‌ಗೆ ಬರೋದು?"

ಹೀಗೆ ಸಮ್ಮತಿ ಹುಟ್ಟಿತು. ಆದರೆ ಯೂನಿಯನ್ನಿನವರು ಷರತ್ತಿಲ್ಲದೆ ಒಪ್ಪಂದಕ್ಕೆ ಬರುತ್ತಾರೆಯೇ?

"ಯಾರು ಹಾಕ್ಬೇಕು ಅಂತ ನಾನೇ ಹೇಳ್ತೀನಿ," ಅಜ್ಜಿ ಅಮ್ಮನ ಮುಂದೆ ಘೋಷಿಸಿದಳು. "ಮ್ಯಾನೇಜ್‌ಮೆಂಟ್ ಕೈಲಿ ಬೇಡ. ಸುಗತ ಹಾಕ್ಲಿ. ಅವ್ನು ಎಲ್ಲಾ ಓದ್ಕೊಂಡವ್ನೆ."

ನನ್ನನ್ನು ಕುರಿತು ಆ ಮಾತನ್ನು ಯಾರೂ ಹೇಳಿದ್ದಿಲ್ಲ. ನನಗೆ ಎದೆ ತುಂಬಿ ಬಂತು. ಅದೇ ಸಂಜೆ ಡಾಕ್ಟರಿಂದ ವಿಧಿವತ್ತಾಗಿ ಕಲಿತೆ: ಹೊಸ ಸೂಜಿ ಸಿಕ್ಕಿಸುವುದು, ಅಳತೆ ತಿರುಗಿಸುವುದು, ಚರ್ಮ ಮೆಲ್ಲಗೆ ಹಿಡಿಯುವುದು, ಒತ್ತಿ ಹತ್ತು ಎಣಿಸುವುದು, ಬಳಸಿದ ಸೂಜಿಯನ್ನು ಮನೆಯ ಕಸಕ್ಕೆ ಹಾಕದೆ ಗಟ್ಟಿ ಡಬ್ಬದಲ್ಲಿ ಕೂಡಿಟ್ಟು ಕ್ಲಿನಿಕ್ಕಿಗೆ ತಂದು ಕೊಡುವುದು. ಅವರು ಕೊಟ್ಟ ಹಳೇ ಪೆನ್ನಿನಿಂದ ಮೂಸಂಬಿಗಳ ಮೇಲೆ ಅಭ್ಯಾಸ ಮಾಡಿದೆ. ಯಾವ ಮೂಸಂಬಿಯೂ ದೂರು ಕೊಡಲಿಲ್ಲ.

ಮರುದಿನ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಅಜ್ಜಿ ಮಂಚದ ಮೇಲೆ ಮಹಾರಾಣಿಯಂತೆ ಕೂತಳು. ಸೋಪು ಹಾಕಿ ಕೈ ತೊಳೆದೆ. ಪೆನ್ನು ಸಿದ್ಧಮಾಡಿದೆ. ಸೂಜಿಯ ತುದಿಯಲ್ಲಿ ಒಂದು ಹನಿ ಹೊಳೆಯಿತು. ಅಜ್ಜಿಯ ಹೊಟ್ಟೆ ಮೂಸಂಬಿಯಂತಿರಲಿಲ್ಲ. ಅದು ಬೆಚ್ಚಗಿತ್ತು, ಉಸಿರಾಡುತ್ತಿತ್ತು.

ಇಲ್ಲಿಂದ ಮುಂದಿನದು ಅಜ್ಜಿ ಹೇಳಿದ್ದು. ನಾನು ಮೊದಲು ಬೆವೆತೆನಂತೆ. ಆಮೇಲೆ ಕೈ ನಡುಗಿತಂತೆ. ಆಮೇಲೆ ಪ್ರಜ್ಞೆ ತಪ್ಪಿ, ಮಂಚದ ಪಕ್ಕದ ತುಕ್ಕು ಹಿಡಿದ ಟ್ರಂಕಿನ ಮೂಲೆಗೆ ಹುಬ್ಬು ಬಡಿದು ಬಿದ್ದೆನಂತೆ. "ಚೀಟೀಲಿ ಬರ್ದಿದ್ದೆಲ್ಲಾ ಆಯ್ತು, ಮದ್ದು ಒಂದು ಬಿಟ್ಟು," ಎಂದು ಅವಳು ಇವತ್ತಿಗೂ ಬೀದಿಯವರಿಗೆ ವರದಿ ಕೊಡುತ್ತಾಳೆ.

ಕಣ್ಣು ಬಿಟ್ಟಾಗ ಒಂದು ಕಡೆ ಶಮೀಮ್ ಆಂಟಿ, ಇನ್ನೊಂದು ಕಡೆ ಕುಂಟುತ್ತಾ ಅಜ್ಜಿ, ನಡುವೆ ನಾನು. ಬೀದಿಯಲ್ಲಿ ಮೆರವಣಿಗೆ ಸಾಗಿತ್ತು. ಗಾಬರಿಯಲ್ಲಿ ಅಜ್ಜಿ ಪೆನ್ನನ್ನೂ ಹಿಡಿದುಕೊಂಡೇ ಬಂದಿದ್ದಳು.

"ನಿಮ್ಮಲ್ಲಿ ರೋಗಿ ಯಾರು?" ಎಂದರು ಡಾಕ್ಟರು.

ಹುಬ್ಬು ತೊಳೆದು ಪಟ್ಟಿ ಹಾಕಿ, "ತುಕ್ಕು ತಗಡು. ಟಿಟಿ ಹಾಕ್ಬೇಕು" ಎಂದು ಸಿರಿಂಜ್ ಬಿಚ್ಚಿದರು. ನಾನು ಎದ್ದು ಗೋಡೆಗೆ ಒರಗಿದೆ. ತಲೆಯ ಮೇಲೆ, ಹಿಂದಿನ ಸಂಜೆ ತಂದು ತೂಗುಹಾಕಿದ್ದ ನನ್ನದೇ ಬೋರ್ಡಿತ್ತು.

"ನನಗೆ ಸಮ್ಮತಿ ಇಲ್ಲ ಸಾರ್."

ಕಾಯುತ್ತಿದ್ದವರೆಲ್ಲ ತಲೆಯೆತ್ತಿ ಮೊದಲ ಬಾರಿಗೆ ಬೋರ್ಡನ್ನು ಓದತೊಡಗಿದರು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವನ್ನ ನಂಬ್ಕೊಂಡ್ರೆ ನನ್ನ ಕಾಲು ಹೋದಂಗೇ. ಡಾಕ್ಟ್ರೇ, ಈ ಪೆನ್ನಿಗೊಂದು ಹೊಸ ಸೂಜಿ ಹಾಕ್ಕೊಡಿ." ಪರದೆಯ ಆಚೆ ಹೋಗಿ, ಡಾಕ್ಟರು ಹೇಳಿಕೊಟ್ಟಂತೆ, ಗಟ್ಟಿಯಾಗಿ ಹತ್ತು ಎಣಿಸಿ, ತಾನೇ ಹಾಕಿಕೊಂಡು ಬಂದಳು. ಬೆಂಚಿನಲ್ಲಿದ್ದವರು "ಅಬ್ಬಾ" ಎಂದರು. ನನಗೆ ಸಂತೋಷದಿಂದ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಅಜ್ಜಿ, "ಈಗ ಅವ್ನಿಗೆ ಹಾಕಿ" ಎಂದಳು.

"ನಾನು ತಿಳಿದೇ ಬೇಡ ಅಂದಿದ್ದೀನಿ ಅಜ್ಜಿ. ಅದು ನನ್ನ ಹಕ್ಕು."

ಡಾಕ್ಟರು ಮೃದುವಾಗಿ ಕೇಳಿದರು: "ನಿನ್ನ ವಯಸ್ಸೆಷ್ಟಪ್ಪ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹದಿನೇಳು."

"ಹದಿನೆಂಟು ತುಂಬೋವರೆಗೆ ಸಮ್ಮತಿ ಕೊಡೋದು ಅಪ್ಪ ಅಮ್ಮ."

ಫೋನು ದೊಡ್ಡನೆಕ್ಕುಂದಿಗೆ ಹೋಯಿತು. ಯಂತ್ರಗಳ ಸದ್ದನ್ನು ಮೀರಿ ಅಮ್ಮನ ದನಿ ಕ್ಲಿನಿಕ್ಕಿಗೆಲ್ಲ ಕೇಳಿಸಿತು: "ಹಾಕಿ ಡಾಕ್ಟ್ರೇ! ಅವನು ಚೀಟಿ ಬಿಚ್ಚಿ ಓದೋಕೆ ಮುಂಚೆ ಹಾಕ್ಬಿಡಿ!"

ಡಾಕ್ಟರಿಗೆ ಕನಿಕರ ಬಂತೇನೋ. "ಯಾವ ಕೈಗೆ ಅನ್ನೋದನ್ನಾದ್ರೂ ನೀನೇ ತೀರ್ಮಾನ ಮಾಡು" ಎಂದರು. ಇಷ್ಟಾದರೂ ಉಳಿಯಿತಲ್ಲ ಎಂದು ನಾನು ಶ್ರದ್ಧೆಯಿಂದ ಯೋಚಿಸಿದೆ. ಬಲಗೈ ಬರೆಯುವ ಕೈ, ಅದು ನೋಯಬಾರದು. ಎಡಗೈಯಾದರೆ ಆ ಮಗ್ಗುಲಿಗೆ ಮಲಗುವುದು ಕಷ್ಟ. ಆದರೆ ಮಗ್ಗುಲು ಬದಲಿಸಬಹುದು, ಕೈ ಬದಲಿಸಲಾಗದು. ಎಲ್ಲ ತೂಗಿ ನೋಡಿ, 'ಎಡಗೈ' ಎನ್ನಲು ಬಾಯಿ ತೆರೆದೆ.

ಡಾಕ್ಟರು ಆಗಲೇ ಸೂಜಿ ತೆಗೆದು ನನ್ನ ಬಲತೋಳಿಗೆ ಹತ್ತಿ ಒತ್ತುತ್ತಿದ್ದರು. ಅಜ್ಜಿ ಅಂಗಿಯ ತೋಳನ್ನು ಕೆಳಗಿಳಿಸುತ್ತಾ ಹೇಳಿದಳು: "ಯೋಚ್ನೆ ಮುಗೀತಾ? ಏಳು, ಹಿಂದಿನೋರು ಕಾಯ್ತಾವ್ರೆ."