ಮಾಮಾನ ‘ರೀ ರೀ’ ಪ್ಲೇಟು

ನನ್ನ ಸೋದರಮಾವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರ್ಯಾದೆಗೆ ಅಂಜಿ ಅಂದುಕೊಂಡಿರಾ? ಅಯ್ಯೋ, ಮರ್ಯಾದೆಯೆಲ್ಲ ಅವರು ಗ್ರಾಮಫೋನ್ ಪ್ಲೇಟು ಹೊರಡಿಸಿದ ದಿನವೇ ಮದ್ರಾಸಿನ ನಮ್ಮ ತ್ರಿಪ್ಲಿಕೇನಿನ ಚರಂಡಿ ಸೇರಿತ್ತು! ಹೆಸರು ಹೇಳದಿರುವುದಕ್ಕೆ ಕಾರಣ ಬೇರೆ.

ಮದ್ರಾಸಿನಲ್ಲೇ ಹುಟ್ಟಿ ಬೆಳೆದ ನಾವು ಅವರನ್ನು ಕರೆಯುತ್ತಿದ್ದುದು ಮಾಮಾ ಎಂದು, ಅವರ ಹೆಂಡತಿಯನ್ನು ಮಾಮಿ ಎಂದು. ಮಾಮಾ ರೈಲ್ವೆ ಆಫೀಸಿನಲ್ಲಿ ಟೈಪಿಸ್ಟ್. ಮಾಮಿ ಗಂಡನ ಹೆಸರು ಹೇಳುವವರಲ್ಲ. ಆ ಕಾಲದ ಯಾವ ಹೆಂಗಸು ಹೇಳುತ್ತಿದ್ದಳು ಅನ್ನುತ್ತೀರಿ. ನಿಜ, ಆದರೆ ಮಾಮಿಯದು ಅತಿ. ಗಂಡನಿಗೆ ದೇವರ ಹೆಸರಿಟ್ಟಿದ್ದರಲ್ಲ, ಆ ದೇವರ ಹೆಸರನ್ನೂ ಎತ್ತುತ್ತಿರಲಿಲ್ಲ! “ಅದೇ, ಬೆಟ್ಟದ ಮೇಲಿರೋರು” ಎಂದು ಕೈಮುಗಿಯುತ್ತಿದ್ದರು. ಮದುವೆಮನೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಶಾಸ್ತ್ರ ಶುರುವಾದರೆ ಸಾಕು, “ಒಲೆ ಮೇಲೆ ಹಾಲಿಟ್ಟಿದೀನಿ ಕಣ್ರೇ” ಎಂದು ಮಾಯ. ಛತ್ರದಲ್ಲಿ ಅವರಿಗೆಲ್ಲಿಯ ಒಲೆ, ಎಲ್ಲಿಯ ಹಾಲು!

ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಒಂದೇ ಮಂತ್ರ: “ರೀ”. ನಲ್ಲಿ ಬಂದರೆ “ರೀ”, ಹಾಲಿನವನು ಬಂದರೆ “ರೀ”, ಜಿರಳೆ ಬಂದರೆ “ರೀ ರೀ ರೀ!”

ಒಂದು ಬೆಳಿಗ್ಗೆ ಬಿಂದಿಗೆ ಹಿಡಿದು ಬೀದಿ ನಲ್ಲಿಯ ಸಾಲಿನಲ್ಲಿ ನಿಂತಿದ್ದ ಮಾಮಾನಿಗೆ ಅದೇ ಹಾಡಾಗಿ ಹೊಳೆಯಿತು.

“ರೀ ರೀ ರೀ! ಯಾರ್ ರೀ? ನಾನ್ ರೀ!
ನಲ್ಲೀಲಿ ನೀರ್ ಬಂತ್ ರೀ, ಬಿಂದ್ಗೆ ಎಲ್ ರೀ?”

ನಗಬೇಡಿ, ಸಾಹಿತ್ಯ ಇಷ್ಟೇ. ಇದಕ್ಕೆ ಪಲ್ಲಾವರಂನ ಒಬ್ಬ ಆಂಗ್ಲೋ-ಇಂಡಿಯನ್ ರೈಲ್ವೆ ಗಾರ್ಡ್ ಗಿಟಾರ್ ಬಾರಿಸಿದ. ತಾಳಕ್ಕೆ ಟೈಪ್‌ರೈಟರ್! ಸಾಲು ಮುಗಿದಾಗ ‘ಟಿಂಗ್’ ಎಂದು ಅದರ ಗಂಟೆ. “ರೀ” ಅನ್ನುವ ಹೆಣ್ಣುದನಿಗೆ ಮಾಮಿಯನ್ನು ಕೇಳಿದರೆ “ನಿಮಗೇನು ತಲೆ ಕೆಟ್ಟಿದೆಯೇನ್ರೀ?” ಎಂದರು. ಕೊನೆಗೆ ಹೆಣ್ಣುದನಿಯನ್ನೂ ಮಾಮಾನೇ ಹಾಡಿದರು. ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗಿತ್ತು.

ಕೋಡಂಬಾಕ್ಕಂನ ಯಾವುದೋ ಪುಟ್ಟ ಸ್ಟುಡಿಯೋದಲ್ಲಿ, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ಬೆವರು ಸುರಿಸುತ್ತ ಹಾಡಿದ್ದಾಯಿತು. ನಡುವೆ ಕಿಟಕಿಯ ಹೊರಗೊಂದು ಕಾಗೆ ‘ಕಾ’ ಅಂದಿತು. ಸ್ಟುಡಿಯೋದವನು ತಲೆ ಚಚ್ಚಿಕೊಂಡು ಮತ್ತೆ ಹಾಡಿಸಿದ. ಮಾಮಾ ಎರಡನ್ನೂ ಬಿಡಲಿಲ್ಲ. ಪ್ಲೇಟಿನ ಒಂದು ಮಗ್ಗುಲು ಕಾಗೆ ಇರುವ ಹಾಡು, ಇನ್ನೊಂದು ಮಗ್ಗುಲು ಕಾಗೆ ಇಲ್ಲದ ಅದೇ ಹಾಡು! “ಕಾಗೆ ಇರೋ ಕಡೆಯೇ ಭಾವ ಜಾಸ್ತಿ” ಎನ್ನುತ್ತಿದ್ದರು.

ರೇಡಿಯೋ ಸ್ಟೇಷನ್ನಿಗೂ ಹೊತ್ತುಕೊಂಡು ಹೋದರು. ಅಲ್ಲಿನ ಹಿರಿಯರೊಬ್ಬರು ಪೂರ್ತಿ ಕೇಳಿ, ಕನ್ನಡಕ ಒರೆಸಿ, “ಇದು ಯಾವ ರಾಗ ಸಾರ್?” ಎಂದರಂತೆ.

“ನಲ್ಲಿ ನೀರು ಬರೋ ಹೊತ್ತಿನ ರಾಗ ಸಾರ್.”

ಪ್ಲೇಟು ಅವರ ಜೊತೆಗೇ ವಾಪಸ್ ಬಂತು. ಅಂಗಡಿಯವರೂ ಇಟ್ಟುಕೊಳ್ಳಲಿಲ್ಲ. ಪೆಟ್ಟಿಗೆಗಟ್ಟಲೆ ಪ್ಲೇಟು ಮಂಚದ ಕೆಳಗೆ ಕೂತಿತು. ಮಾಮಿ ಒಂದು ದಿನ ಸಿಟ್ಟಿನಲ್ಲಿ ಕುದಿಯುವ ಹುಳಿಯ ಪಾತ್ರೆಗೆ ಅದನ್ನೇ ಮುಚ್ಚಿದರು. ತೆಗೆದಾಗ ಕರಿದ ಹಪ್ಪಳದ ಹಾಗೆ ಡೊಂಕಾಗಿತ್ತು. ಮಾಮಾ ಬೇಜಾರು ಮಾಡಿಕೊಂಡರೇ? ಉಹುಂ! ಅದನ್ನೇ ಗ್ರಾಮಫೋನಿಗೆ ಹಾಕಿ, “ನೋಡೇ, ಈಗ ಗಮಕ ಬಂತು!” ಎಂದರು.

ನಗು ಅವರದು, ನಾಚಿಕೆ ನಮ್ಮದು. ಬೀದಿಯ ಹುಡುಗರು “ಡೇಯ್, ರೀ-ಮಾಮಾ ಪೋರಾರ್‌ಡಾ!”, ರೀ-ಮಾಮಾ ಹೋಗ್ತಿದಾರೆ ನೋಡ್ರೋ ಎಂದು ತಮಿಳಿನಲ್ಲಿ ಕೂಗಿದರೆ ಅವರು ಟೋಪಿ ತೆಗೆದು ವಂದಿಸುತ್ತಿದ್ದರು. ಕಾಲೇಜಿನ ಗೆಳತಿಯರ ಜೊತೆ ಹೋಗುತ್ತಿದ್ದ ನಾನು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ನನಗೆ ಮೈಸೂರಿನ ಸಂಬಂಧ ಗೊತ್ತಾಯಿತು. ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ಟರು. ಅವರು ನಕ್ಕಿದ್ದನ್ನು ಅವರ ಮನೆಯವರೇ ನೋಡಿರಲಿಲ್ಲವಂತೆ! ನಾನು ನೇರ ಮಾಮಾನ ಬಳಿ ಹೋಗಿ, “ಮಾಮಾ, ನನ್ನ ಮದುವೇಲಿ ಮಾತ್ರ ಆ ಹಾಡು ಬೇಡ” ಎಂದೆ.

ಮಾಮಾನ ಮುಖ ಒಂದು ಗಳಿಗೆ ಪೆಚ್ಚಾಯಿತು. “ಹಾಕ್ಸಲ್ಲ ಕಣೇ. ಬೆಟ್ಟದ ಮೇಲಿರೋರಾಣೆ” ಎಂದರು.

ಮಾತು ಉಳಿಸಿಕೊಂಡರು, ಪಾಪ. ಆದರೆ ಮದುವೆಗೆ ಬಂದ ಮೈಕ್‌ಸೆಟ್‌ನವನು ನಮ್ಮ ತ್ರಿಪ್ಲಿಕೇನಿನವನೇ! ಇಡೀ ಮದ್ರಾಸಿನಲ್ಲಿ ಆ ಪ್ಲೇಟು ಮೆಚ್ಚಿದ ಒಬ್ಬನೇ ಒಬ್ಬ ರಸಿಕ ಅವನು. ಬೀಗರ ಪಂಕ್ತಿಗೆ ಅನ್ನ ಬಿದ್ದಿತ್ತು. ಮಾಮಾ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದರು. ಛತ್ರದ ಮೇಲಿನ ಲೌಡ್‌ಸ್ಪೀಕರ್ ಒಮ್ಮೆ ಕರ್ರೆಂದು, “ರೀ ರೀ ರೀ! ಯಾರ್ ರೀ?” ಎಂದು ಕಿರುಚಿತು. ಟಿಂಗ್! ಕಾಗೆ ಇರುವ ಮಗ್ಗುಲೇ!

ಹೆಡ್‌ಮಾಸ್ಟರು ಕಲಸಿದ ಅನ್ನ ಬಿಟ್ಟು ತಲೆಯೆತ್ತಿದರು. “ಯಾರ್ರೀ ಇದು, ಹೀಗೆ ಅರಚ್ತಿರೋನು?”

ಅಪ್ಪ ಪಾಯಸ ನೋಡಿದರು. ಅಮ್ಮ ಕಂಬ ನೋಡಿದಳು. ನಾನು ತಲೆ ಬಗ್ಗಿಸಿದೆ. ಬಾಯಿಬಿಟ್ಟವರು ಮಾಮಾನೇ.

“ಯಾರೋ ಹುಚ್ಚ ಸ್ವಾಮಿ, ನಮಗೆ ಗೊತ್ತಿಲ್ಲ. ಈ ಮೈಕ್‌ಸೆಟ್‌ನೋರು ಹೀಗೇ, ಏನೇನೋ ಹಾಕ್ತಾರೆ” ಎಂದು ಬಕೆಟ್ಟು ಇಟ್ಟು ಓಡಿ, ತಮ್ಮ ಕೈಯಾರೆ ಪ್ಲೇಟಿನ ಮೇಲಿನ ಮುಳ್ಳು ಎತ್ತಿಟ್ಟು ಬಂದರು. ಮತ್ತೆ ಬಕೆಟ್ಟು ಎತ್ತಿಕೊಂಡು, “ಸಾರು, ಸಾರು” ಎನ್ನುತ್ತ ಮುಂದಿನ ಎಲೆಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಾಮಿ ಇದನ್ನೆಲ್ಲ ನೋಡುತ್ತಿದ್ದರು.

ಬೀಗರ ಊಟವಾದ ಮೇಲೆ ಒಡಪಿನ ಶಾಸ್ತ್ರ. ಎಲ್ಲರಿಗೂ ಕೇಳಲಿ ಎಂದು ಮೈಕನ್ನೇ ತಂದಿಟ್ಟರು. ನಾನು ತೊದಲುತ್ತ ಗಂಡನ ಹೆಸರು ಹೇಳಿ ಮುಗಿಸಿದೆ. ಯಾರೋ ಅಭ್ಯಾಸಬಲದಿಂದ, “ಇನ್ನು ಮಾಮಿ! ಹಾಲು ಉಕ್ಕೋಕ್ಕೆ ಮುಂಚೆ ಹೇಳಿಬಿಡಿ!” ಎಂದು ಕೀಟಲೆ ಮಾಡಿದರು. ನಗೆಯೆದ್ದಿತು.

ಮಾಮಿ ಓಡಲಿಲ್ಲ. ಸೆರಗು ಸರಿಮಾಡಿಕೊಂಡು ಬಂದು, ಮೈಕು ಹಿಡಿದು, ಗಂಡಸರು ಕೂತ ಜಮಖಾನೆಯ ಕಡೆ ತಿರುಗಿದರು.

“ಬೆಳ್ಳಿ ಬಟ್ಟಲಲ್ಲಿ ಬೆಣ್ಣೆ, ಬೀದಿ ನಲ್ಲೀಲಿ ನೀರು,
ಊಟದ ಹೊತ್ತಲ್ಲಿ ಹಾಡಿದ ಹುಚ್ಚ ನಮ್ಮನೆಯೋರು,
ಅವರ ಹೆಸರು...”

ಹೇಳಿಬಿಟ್ಟರು! ಮಾಮಾನ ಅಪ್ಪನ ಹೆಸರನ್ನೂ ಸೇರಿಸಿ, ಪ್ಲೇಟಿನ ಮೇಲೆ ಅಚ್ಚಾದ ಹಾಗೆ, ಪೂರ್ತಿ. ಲೌಡ್‌ಸ್ಪೀಕರ್ ಅದನ್ನು ಬೀದಿಗೆಲ್ಲ ಸಾರಿತು. ನನಗೆ ಆದ ನಾಚಿಕೆ ಹೇಳತೀರದು. ಅದು ಮಾಮಾನ ಹಾಡಿಗಾಗಿ ಅಲ್ಲ.

ಮುಂದಿನ ಪಂಕ್ತಿಗೆ ಬಡಿಸಲು ಹೊರಟಿದ್ದ ಮಾಮಾ ಕಂಬದ ಹಿಂದೆ ಸಾರಿನ ಬಕೆಟ್ಟು, ಸೌಟು ಹಿಡಿದೇ ನಿಂತಿದ್ದರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಇನ್ನೊಂದ್ಸಲ ಹೇಳೇ” ಎಂದರು.

“ಇನ್ನೊಂದ್ಸಲ ಅಂತೆ! ಹೋಗ್ರೀ” ಎಂದು ಮಾಮಿ ಒಳಗೆ ಹೋದರು.

ಆಮೇಲೆ ಅವರು ಆ ಹೆಸರನ್ನು ಎಂದೂ ಹೇಳಲಿಲ್ಲ. ಅವರು ಒಮ್ಮೆ ಹೇಳಿದ್ದೇ ಸಾಕು, ನಾನು ಹೇಗೆ ಬರೆಯಲಿ?